ಗಾಜಿಲ್ಲದ ಕೊಳವೆ

ಪಾರ್ಸೆಲ್ ಬಂದಾಗ ಅವನು ಬಸ್ ಡ್ರೈವರನ ಕನ್ನಡಕ ಒರೆಸುತ್ತಿದ್ದ. ಒರೆಸುವ ಅಗತ್ಯ ಏನೂ ಇರಲಿಲ್ಲ, ಗಾಜು ಸ್ವಚ್ಛವಾಗಿಯೇ ಇತ್ತು. ಆದರೆ ಎದುರಿಗೆ ಕೂತ ಗಿರಾಕಿ ದೂರು ಹೇಳುತ್ತಿರುವಾಗ ಕನ್ನಡಕದ ಅಂಗಡಿಯವನ ಕೈಗೆ ಏನಾದರೊಂದು ಕೆಲಸ ಬೇಕು, ಮತ್ತು ಒರೆಸುವುದಕ್ಕಿಂತ ಗಂಭೀರವಾಗಿ ಕಾಣುವ, ಅದಕ್ಕಿಂತ ನಿರುಪಯೋಗಿಯಾದ ಕೆಲಸವನ್ನು ಈ ಕಸುಬಿನಲ್ಲಿ ತಲೆ ನರೆಸಿಕೊಂಡ ಅವನು ಇನ್ನೂ ಕಂಡುಕೊಂಡಿರಲಿಲ್ಲ. ಡ್ರೈವರ್ ಹೇಳುವುದನ್ನು ಹೇಳುತ್ತಲೇ ಇದ್ದ. ಮೂರನೇ ಸಲ ಬಂದಿದ್ದ ಪಾಪ, ಡ್ಯೂಟಿ ಬಟ್ಟೆಯಲ್ಲೇ. "ರಸ್ತೆ ಓರೆ ಕಾಣ್ಸುತ್ತೆ ಡಾಕ್ಟ್ರೇ. ಎಡಗಡೆ ಎತ್ತರ, ಬಲಗಡೆ ತಗ್ಗು. ಸ್ಟಾಪಲ್ಲಿ ನಿಲ್ಸಿದ್ರೆ ಒಂದ್ಸಲ ಫುಟ್‌ಪಾತ್ ಕಲ್ಲಿಗೇ ತಾಗುತ್ತೆ, ಇನ್ನೊಂದ್ಸಲ ಮಾರು ದೂರ ನಿಂತಿರುತ್ತೆ. ಇಳಿಯೋರು ಬೈತಾರೆ." ಅವನು ಡಾಕ್ಟರಲ್ಲ. ಕನ್ನಡಕ ಮಾರುವವನು, ನಂಬರು ನೋಡುವವನು, ಗಾಜು ಕತ್ತರಿಸಿ ಕೂರಿಸುವವನು. ಅಂಗಡಿ ಶುರು ಮಾಡಿದ ಹೊಸದರಲ್ಲಿ ಯಾರೋ ಒಬ್ಬರು ಡಾಕ್ಟ್ರೇ ಅಂದರು, ಅವನು ತಿದ್ದಲಿಲ್ಲ. ಆಮೇಲೆ ಬೀದಿಯೆಲ್ಲ ಅಂದಿತು, ತಿದ್ದುವುದಕ್ಕೆ ತಡವಾಗಿತ್ತು. ಪಾರ್ಸೆಲ್ ತಂದವನು ಕೂಡ "ಡಾಕ್ಟ್ರೇ, ಸೈನು" ಎಂದ. ಅವನು ಸೈನು ಹಾಕಿದ. ಬೆರಳಿಗೆ ಬಾಕ್ಸಿನ ತೂಕ ತಗುಲಿತು, ಪುಟ್ಟದು, ಆದರೆ ಒಳಗೆ ಲೋಹವಿದೆ ಎಂದು ಗೊತ್ತಾಗುವಷ್ಟು ಭಾರ. ಡ್ರೈವರನ ಓರೆ ರಸ್ತೆ ಅಲ್ಲಿಗೆ ಅವನ ಕಿವಿಯಿಂದ ಆಚೆ ಹೋಯಿತು. ಬಾಕ್ಸನ್ನು ಮೇಜಿನ ಕೆಳಗೆ, ಕಾಲಿನ ಹತ್ತಿರ ಇಟ್ಟುಕೊಂಡ.

ಡ್ರೈವರನ ಸಮಾಧಾನಕ್ಕೆಂದು ಕನ್ನಡಕವನ್ನು ಲೆನ್ಸ್‌ಮೀಟರಿನ ಕೆಳಗೆ ಇಟ್ಟ. ಅದು ಹಳೆಯ ಯಂತ್ರ, ಒಂದು ಕಣ್ಣಿಟ್ಟು ನೋಡುವಂಥದ್ದು. ಒಳಗೆ ಹಸಿರು ಗೆರೆಗಳಿರುತ್ತವೆ. ಚಕ್ರ ತಿರುಗಿಸುತ್ತ ಹೋದರೆ ಒಂದು ಕಡೆ ಗೆರೆಗಳು ಚೂಪಾಗುತ್ತವೆ, ಅಲ್ಲಿ ಗಾಜಿನ ನಂಬರು ಗೊತ್ತಾಗುತ್ತದೆ, ಗಾಜು ಯಾವ ಓರೆಯಲ್ಲಿ ಕೂತಿದೆ ಎಂಬುದೂ ಗೊತ್ತಾಗುತ್ತದೆ. ಅವನು ಯಾವಾಗಲೂ ಬಲಗಣ್ಣಿನಿಂದ ನೋಡುವವನು. ಈಗಲೂ ಬಲಗಣ್ಣಿಟ್ಟು ತಿರುಗಿಸಿದ. ಗೆರೆಗಳು ದಪ್ಪವಾದವು, ಸ್ವಲ್ಪ ಕಡಿಮೆ ದಪ್ಪವಾದವು, ಮತ್ತೆ ದಪ್ಪವಾದವು. ನಡುವಿನಲ್ಲಿ ಒಂದು ತುಂಡು ಯಾರೋ ಉಗುರಿನಿಂದ ಕೆರೆದಂತೆ ಬಾಗಿ ಮಾಯವಾಗಿತ್ತು. ಯಂತ್ರಕ್ಕೆ ವಯಸ್ಸಾಗಿದೆ, ಒಳಗಿನ ಬಲ್ಬು ಬದಲಿಸಬೇಕು ಎಂದುಕೊಂಡ. ಬಲ್ಬನ್ನು ಹೋದ ತಿಂಗಳು ಬದಲಿಸಿಯಾಗಿತ್ತು. "ಸರಿಯಾಗೇ ಇದೆಯಲ್ಲ," ಎಂದ. "ಅಭ್ಯಾಸ ಆಗ್ಬೇಕು ಅಷ್ಟೆ." ಡ್ರೈವರ್ ಎದ್ದು ಹೋಗಲಿಲ್ಲ. ಅವನ ಆ ಹೋಗದೆ ಕೂತ ಭಂಗಿ, ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಾಯುವ ವಿಧೇಯತೆ ಇವನನ್ನು ಕೆರಳಿಸಿತು. ಕನ್ನಡಿಯ ಮುಂದೆ ಫ್ರೇಮು ಆರಿಸುತ್ತಿದ್ದ ತಾಯಿ ಮಗಳು ಇತ್ತ ಕಿವಿಗೊಟ್ಟಿದ್ದಾರೆ ಎಂಬುದೂ ಗೊತ್ತಿತ್ತು. "ನೋಡಿ, ಕುಣಿಯೋಕ್ ಬರದೋಳು ನೆಲ ಡೊಂಕು ಅಂದ್ಲಂತೆ. ರಸ್ತೆ ಓರೆ ಅಂತೀರಿ, ಕನ್ನಡಕ ಓರೆ ಅಂತೀರಿ. ಓಡ್ಸೋ ಕೈ ಹೆಂಗಿದೆ ಅಂತ ಒಂದಿನ ನೋಡ್ಕೊಂಡಿದೀರಾ? ವಯಸ್ಸಾದ್ಮೇಲೆ ಒಪ್ಕೋಬೇಕಪ್ಪ, ನಾಚ್ಕೆ ಏನಿದೆ ಅದ್ರಲ್ಲಿ?" ಮಗಳು ಕಿಸಕ್ಕೆಂದಳು. ಆಮೇಲೆ ತಾಯಿ. ಎಲ್ಲರಿಗಿಂತ ತಡವಾಗಿ ಡ್ರೈವರೂ ನಕ್ಕ, ತನ್ನ ಬಗ್ಗೆ ಹೇಳಿದ ತಮಾಷೆಗೆ ನಗದಿದ್ದರೆ ಮರ್ಯಾದೆಯಲ್ಲ ಎಂಬಂತೆ. "ಹಂಗಾದ್ರೆ ಸಂಜೆ ಡ್ಯೂಟಿಗೂ ಇದನ್ನೇ ಹಾಕ್ಕೊಳ್ಳಲಾ ಡಾಕ್ಟ್ರೇ? ಕತ್ತಲಾದ್ಮೇಲೆ ಸ್ವಲ್ಪ ಭಯ ಆಗುತ್ತೆ. ಬಸ್ಸು ತುಂಬಾ ಜನ ಇರ್ತಾರೆ." "ಹಾಕ್ಕೊಳ್ಳಿ. ಧೈರ್ಯವಾಗಿ ಹಾಕ್ಕೊಳ್ಳಿ." ಡ್ರೈವರ್ ಹೊಸ ಕನ್ನಡಕ ಏರಿಸಿಕೊಂಡು, ಹಳೆಯದನ್ನು ಜೇಬಿನಲ್ಲಿ ತಡವಿ ನೋಡಿಕೊಂಡು, ಬಾಗಿಲ ಹೊಸಲನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಕಾಲೆತ್ತಿ ದಾಟಿದ.

ಡ್ರೈವರ್ ಹೋದ ಮೇಲೆ ತಾಯಿ ಮಗಳಿಬ್ಬರಿಗೂ ಫ್ರೇಮು ಕೊಟ್ಟು ಕಳಿಸಿ, ಬಾಗಿಲಿಗೆ 'ಊಟಕ್ಕೆ' ಎಂಬ ಹಲಗೆ ತೂಗಿಸಿ, ಬಾಕ್ಸು ಬಿಚ್ಚಿದ. ಕಪ್ಪು ಬಣ್ಣದ, ಗೇಣಿನ ಕಾಲುಭಾಗವೂ ಇಲ್ಲದ ಕೊಳವೆ, ತಾರಸಿಯ ಮೇಲಿನ ಅವನ ದೂರದರ್ಶಕಕ್ಕೆ ಸಿಕ್ಕಿಸುವಂಥದ್ದು. ಎರಡೂ ತುದಿಗೆ ತಿರುಪಿನ ಸುತ್ತು, ಒಳಗೆ ಬೆಳಕು ಚೆಲ್ಲದಂತೆ ಸಣ್ಣ ಸಣ್ಣ ಏಣು. ಗಾಜಿಲ್ಲ, ಕನ್ನಡಿಯಿಲ್ಲ, ಏನೆಂದರೆ ಏನೂ ಇಲ್ಲ. ಇಂಥವು ಮನೆಯಲ್ಲಿ ಆಗಲೇ ಎರಡಿದ್ದವು. ಮೊದಲನೆಯದು ಬಂದಾಗ ಹೆಂಡತಿ ಅದರೊಳಗಿನಿಂದ ಅವನನ್ನೇ ನೋಡಿ, "ಗಾಜೇ ಇಲ್ವಲ್ರೀ ಇದ್ರಲ್ಲಿ. ಏನೂ ಇಲ್ದಿರೋದನ್ನ ಪೆಟ್ಟಿಗೇಲಿ ಹಾಕಿ ಮಾರ್ತಾರಾ?" ಅಂದಿದ್ದಳು. ಅವಳು ಅಚ್ಚಿನ ಮನೆಯಲ್ಲಿ ಕರಡು ತಿದ್ದುವವಳು; ಇರುವ ತಪ್ಪನ್ನು ಕಾಣುವುದು ಅವಳ ಕೆಲಸ, ಇಲ್ಲದ ವಸ್ತುವಿನ ಬೆಲೆ ಅವಳಿಗೆ ತಿಳಿಯದು. ಅವನು ವಿವರಿಸಿದ್ದ. ದೂರದರ್ಶಕದ ಹಿಂಬದಿಯಲ್ಲಿ ಬೆಳಕನ್ನು ಮೇಲಕ್ಕೆ ತಿರುಗಿಸುವ ಒಂದು ಮೂಲೆಗನ್ನಡಿ ಇರುತ್ತದೆ, ಕತ್ತು ಬಗ್ಗಿಸದೆ ನೋಡಲಿಕ್ಕೆ. ಬೆಳಕು ಅದರೊಳಗೆ ಅಷ್ಟು ದೂರ ನಡೆದು ಬಂದು ಒಂದು ಕಡೆ ಕೂಡುತ್ತದೆ. ಕ್ಯಾಮೆರಾ ಹಾಕಬೇಕೆಂದರೆ ಆ ಕನ್ನಡಿ ತೆಗೆಯಬೇಕು. ತೆಗೆದರೆ ಆ ನಡಿಗೆಯಷ್ಟು ಜಾಗ ಕಡಿಮೆ ಬೀಳುತ್ತದೆ. ಫೋಕಸ್ ಮಾಡುವ ಹಿಂದಿನ ಚಕ್ರವನ್ನು ಎಷ್ಟು ತಿರುಗಿಸಿದರೂ ಕ್ಯಾಮೆರಾ ಬೆಳಕು ಕೂಡುವ ಜಾಗಕ್ಕೆ ತಲುಪುವುದೇ ಇಲ್ಲ. ಆ ಜಾಗವನ್ನು ತುಂಬಿಕೊಡುವುದೇ ಎಕ್ಸ್‌ಟೆನ್ಷನ್ ಟ್ಯೂಬು. ಅದರೊಳಗೆ ಏನೂ ಇರಕೂಡದು, ಇರಬೇಕಾದದ್ದು ಉದ್ದ ಮಾತ್ರ. ಹೆಂಡತಿ ಎಲ್ಲ ಕೇಳಿ, "ಅಂದ್ರೆ ಖಾಲಿ ಜಾಗ ಕೊಂಡ್ಕೊಂಡ್ರಿ. ಸೈಟು ಕೊಂಡ್ಕೊಂಡಿದ್ರೆ ಮನೆನಾದ್ರೂ ಕಟ್ಬೋದಿತ್ತು" ಅಂದಳು.

ಅವಳಿಗೆ ಹೇಳದೆ ಬಿಟ್ಟದ್ದು ಒಂದಿತ್ತು. ಕ್ಯಾಮೆರಾಕ್ಕೆ ಬೇಕಾದ ಉದ್ದ ಮೊದಲನೆಯ ಕೊಳವೆಯಲ್ಲೇ ಹೆಚ್ಚು ಕಡಿಮೆ ಸಿಕ್ಕಿತ್ತು. ಎರಡನೆಯದನ್ನು, ಈಗ ಈ ಮೂರನೆಯದನ್ನು ಅವನು ತರಿಸಿದ್ದು ಕ್ಯಾಮೆರಾಕ್ಕಲ್ಲ, ಕಣ್ಣಿಗೆ. ದೂರದರ್ಶಕ ಬಂದ ಮೊದಲ ಚಳಿಗಾಲದಲ್ಲಿ ಚಂದ್ರನ ಅಂಚು ಬ್ಲೇಡಿನಷ್ಟು ಹರಿತವಾಗಿ ಕಂಡಿತ್ತು, ಗುಂಡಿಗಳ ಒಳಗಿನ ಗುಂಡಿಗಳು ಕಂಡಿದ್ದವು, ಆ ದಿನ ಅವನಿಗೆ ಯಾಕೋ ಅಳು ಬಂದಿತ್ತು. ಆಮೇಲೆ ಯಾವಾಗಲೋ ಚಂದ್ರ ಗಂಜಿಯಾದ. ಅವನು ಕಸುಬಿನವನಲ್ಲವೆ, ಕಾರಣ ಹುಡುಕಿದ: ಟ್ಯೂಬಿನೊಳಗಿನ ಬಿಸಿ ಗಾಳಿ, ಮೇಲಿನ ಧೂಳು, ಸಡಿಲವಾದ ತಿರುಪು, ಕೊನೆಗೆ ಬೆಳಕು ಕೂಡುವ ಜಾಗ. ಚಕ್ರ ಎರಡೂ ಕಡೆ ಕೊನೆ ಮುಟ್ಟಿದರೂ ಚೂಪಾಗದಿದ್ದರೆ ಆ ಜಾಗ ಹೊರಗೆಲ್ಲೋ ಬಿದ್ದಿರಬೇಕು. ಮೂಲೆಗನ್ನಡಿಯನ್ನೇ ತೆಗೆದು ನೇರವಾಗಿ ನೋಡಿದರೆ, ಸರಿಯಾದ ಉದ್ದದ ಕೊಳವೆ ಹಾಕಿದರೆ, ಬಂದೇ ಬರುತ್ತದೆ. ತರ್ಕದಲ್ಲಿ ಲೋಪವಿರಲಿಲ್ಲ. ಲೋಪವಿಲ್ಲದ ತರ್ಕ ಮನುಷ್ಯನಿಗೆ ಎಂಥ ನೆಮ್ಮದಿ ಕೊಡುತ್ತದೆ ಎಂದರೆ, ದಿನಾ ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳಿಗೆ ಒಂದು ಕಣ್ಣು ಮುಚ್ಚಿ, ಈಗ ಇನ್ನೊಂದು ಮುಚ್ಚಿ ಎನ್ನುವವನು ತನ್ನ ಒಂದು ಕಣ್ಣನ್ನು ಮುಚ್ಚಿ ಇನ್ನೊಂದನ್ನು ಪರೀಕ್ಷಿಸಿಕೊಂಡು ವರ್ಷವಾಗುತ್ತ ಬಂದಿತ್ತು. ಒಂದು ಸಲ ಮಾತ್ರ ಬೇಡವೆಂದರೂ ಆಗಿಹೋಗಿತ್ತು. ಮಧ್ಯಾಹ್ನ ಎಡಮಗ್ಗುಲಾಗಿ ಮಲಗಿದ್ದಾಗ ದಿಂಬಿನ ಮೂಲೆ ಎಡಗಣ್ಣಿಗೆ ಅಡ್ಡ ಬಂದಿತ್ತು; ಚಾವಣಿಯ ಫ್ಯಾನಿಗೆ ರೆಕ್ಕೆಗಳಿದ್ದವು, ನಡುವಿನ ಬಟ್ಟಲೇ ಇರಲಿಲ್ಲ. ಅವನು ಗೋಡೆಯ ಕಡೆ ಹೊರಳಿದ. ಅವತ್ತಿನಿಂದ ಗೋಡೆಯ ಕಡೆಗೇ ಮಲಗುತ್ತಾನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಂದು ಇಂಥವರ ಬಗ್ಗೆ ಅವನೇ ಎಷ್ಟು ಸಲ ಅಂದಿಲ್ಲ. ಕೆಳಗಿನ ಮನೆಯ ಅಜ್ಜಿಗೆ ಪೊರೆ ಬಂದಾಗ, "ಹೆದರಿ ಮುಚ್ಚಿಟ್ಟೋರಿಗೆ ಕಣ್ಣೂ ಹೋಗುತ್ತೆ, ಮಾನಾನೂ ಹೋಗುತ್ತೆ" ಎಂದು ಗದರಿಸಿ ಆಪರೇಶನ್ನಿಗೆ ಕಳಿಸಿದ್ದು ಅವನೇ. ಅಜ್ಜಿ ಈಗ ಬೀದಿಯ ಆ ತುದಿಯಲ್ಲಿ ಬರುವ ನೆಂಟರನ್ನು ಗುರುತಿಸಿ ಬಾಗಿಲು ಹಾಕಿಕೊಳ್ಳುತ್ತಾಳೆ. ಊಟ ಮಾಡದೆಯೇ ಅವನು ಹಲಗೆ ತೆಗೆದು ಅಂಗಡಿ ತೆರೆದ.

ಸಂಜೆ ತಾರಸಿಯ ಮೇಲೆ ಸಭೆ ಸೇರಿತ್ತು. ಸಭೆ ಎಂದರೆ ಹೆಂಡತಿ, ಲ್ಯಾಪ್‌ಟಾಪ್ ಹಿಡಿದು ಬಂದಿದ್ದ ಅವಳ ತಮ್ಮ, ಮತ್ತು ಮೊಣಕಾಲು ಶಪಿಸುತ್ತ ಮೆಟ್ಟಿಲು ಹತ್ತಿದ ಅಜ್ಜಿ. ಬಾಮೈದ ವಿಮೆ ಮಾರುವವನು. ಯಾರನ್ನು ಕಂಡರೂ ಅವರು ಯಾವಾಗ ಸಾಯಬಹುದು ಎಂದು ಪ್ರೀತಿಯಿಂದ ಲೆಕ್ಕ ಹಾಕುವವನು. ಈ ಹೊಸ ಕೊಳವೆಯಿಂದ ಇವತ್ತು ಚಂದ್ರನ ಫೋಟೋ ತೆಗೆದೇ ತೀರುತ್ತೇನೆ ಎಂದು ಅಂಗಡಿಯವನು ವಾರದಿಂದ ಕೊಚ್ಚಿಕೊಂಡಿದ್ದ. ಆಕಾಶದಲ್ಲಿ ಇನ್ನೂ ಬೆಳಕಿತ್ತು. ಎದುರಿನ ಎತ್ತರದ ಕಟ್ಟಡದ ನೆತ್ತಿಯ ಮೇಲೆ, ಅದರ ಗುಂಡನೆಯ ನೀರಿನ ಟ್ಯಾಂಕಿನ ಪಕ್ಕಕ್ಕೇ ಎಂಬಂತೆ, ಹೆರೆಗಿಂತ ದೊಡ್ಡದಾದ ಅರ್ಧಕ್ಕಿಂತ ಚಿಕ್ಕದಾದ ಚಂದ್ರ ನಿಂತಿದ್ದ. ಅವನು ಕೊಳವೆಯನ್ನು ತಿರುಗಿಸಿ ಕೂರಿಸಿ, ಅದರ ಹಿಂದೆ ಕ್ಯಾಮೆರಾ ಕೂರಿಸಿ, ಚಕ್ರಕ್ಕೆ ಕೈ ಹಾಕಿದ. ಲ್ಯಾಪ್‌ಟಾಪಿನ ತೆರೆಯ ಮೇಲೆ ಒಂದು ಬಿಳಿಯ ಮುದ್ದೆ ಹಿಗ್ಗಿತು, ಕುಗ್ಗಿತು, ಇನ್ನೂ ಕುಗ್ಗಿತು, ಮತ್ತು ಒಮ್ಮೆಗೇ, ಯಾರೋ ಬಾಗಿಲು ತೆರೆದ ಹಾಗೆ, ಚಂದ್ರ ಬಂದ. ಗುಂಡಿಗಳ ಅಂಚು, ಅಂಚಿನ ನೆರಳು, ನೆರಳಿನ ಆಚೆ ಬಿಸಿಲು ಹತ್ತಿದ ಒಂದೇ ಒಂದು ಶಿಖರದ ತುದಿ. ಎರಡೂ ಕಣ್ಣು ತೆರೆದು ನೋಡುತ್ತಿದ್ದ ಅವನಿಗೆ ಎಲ್ಲವೂ ಕಂಡಿತು. ಬಾಮೈದ ಸಿಳ್ಳೆ ಹಾಕಿದ, ಹೆಂಡತಿ "ಅಬ್ಬ!" ಅಂದಳು. ಅವನ ಮೈ ಹಗುರಾಯಿತು. ಕೊಳವೆಯದೇ ತಪ್ಪು. ಇಷ್ಟು ದಿನ ಕೊಳವೆಯದೇ ತಪ್ಪು. ಲೆನ್ಸ್‌ಮೀಟರಿನ ಗೆರೆ, ಫ್ಯಾನಿನ ಬಟ್ಟಲು, ಎಲ್ಲಕ್ಕೂ ಹೀಗೇ ಒಂದೊಂದು ಕೊಳವೆ ಎಲ್ಲಾದರೂ ಇದ್ದೇ ಇರಬೇಕು. ಬೆಳಿಗ್ಗೆ ಡ್ರೈವರನಿಗೆ ಸ್ವಲ್ಪ ಜೋರಾಗಿಯೇ ಅಂದೆ, ಪರವಾಗಿಲ್ಲ, ನಾಳೆ ಕರೆದು ಟೀ ಕುಡಿಸಿದರಾಯಿತು ಎಂದುಕೊಂಡ.

"ಟಿವೀಲಿ ನೋಡೋಕ್ಕೆ ನನ್ನ ಇಲ್ಲೀತನಕ ಹತ್ತಿಸ್ಬೇಕಿತ್ತೇನಪ್ಪಾ?" ಎಂದಳು ಅಜ್ಜಿ. "ಟಿವೀಲಿ ಚಂದ್ರನ ಮೇಲೆ ಮನುಷ್ಯರು ಓಡಾಡೋದನ್ನೂ ತೋರಿಸ್ತಾರೆ. ನನ್ ಕಣ್ಣಲ್ಲಿ ತೋರಿಸು." ನ್ಯಾಯವಾದ ಮಾತು. ಅವನು ಕ್ಯಾಮೆರಾ ತೆಗೆದು ಅದೇ ಕೊಳವೆಗೆ ಕಣ್ಣಿಡುವ ಮಸೂರ ಸಿಕ್ಕಿಸಿದ. ಅಜ್ಜಿಗೆ ಬಗ್ಗಲಾಗದೆಂದು ಎತ್ತರದ ಸ್ಟೂಲು ತರಲು ಕೆಳಗೆ ಇಳಿದ. ಸ್ಟೂಲು ಅಡುಗೆಮನೆಯಲ್ಲಿತ್ತು, ಅದರ ಮೇಲಿದ್ದ ಡಬ್ಬಗಳನ್ನು ಇಳಿಸಬೇಕಾಯಿತು. ತಿರುಗಿ ಬಂದಾಗ ಬಾಮೈದ ಮೂಲೆಯಲ್ಲಿ ಫೋನಿನಲ್ಲಿ ಯಾರದೋ ಮರಣಾನಂತರದ ಲಾಭಗಳನ್ನು ವಿವರಿಸುತ್ತಿದ್ದ, ಹೆಂಡತಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು, ಬೆಳಕು ಇನ್ನಷ್ಟು ಇಳಿದಿತ್ತು. "ಮೊದ್ಲು ನೀನು ನೋಡಿ ಸರಿ ಮಾಡಿಕೊಡು, ನಂಗೆ ಚಕ್ರಗಿಕ್ರ ತಿಳಿಯಲ್ಲ" ಎಂದಳು ಅಜ್ಜಿ. ಅವನು ಬಲಗಣ್ಣಿಟ್ಟ. ಬೆಳ್ಳಗೆ, ಬೂದುಬಣ್ಣದ ಏನೋ ದುಂಡಗಿನದು, ನಡುವೆ ಕದಡಿದ್ದು. ಚಕ್ರವನ್ನು ಅತ್ತಿತ್ತ ತಿರುಗಿಸಿ ಮತ್ತೆ ಮೊದಲಿದ್ದಲ್ಲಿಗೇ ತಂದ. ಕದಡು ಕದಡಾಗಿಯೇ ಉಳಿಯಿತು. ಕ್ಯಾಮೆರಾದ ಫೋಕಸ್ಸು ಬೇರೆ, ಕಣ್ಣಿನ ಫೋಕಸ್ಸು ಬೇರೆ, ಸಹಜ, ಎಂದುಕೊಂಡ. ಆದರೆ ಬೆನ್ನ ಹಿಂದೆ ಅಜ್ಜಿ ಕಾಯುತ್ತಿದ್ದಳು, ಈಗಷ್ಟೇ ಗೆದ್ದ ಗೆಲುವು ಇನ್ನೂ ಬಿಸಿಯಾಗಿತ್ತು, ಹಾಗೂ ಚಂದ್ರನ ಪಟವಂತೂ ಅವನಿಗೆ ಬಾಯಿಪಾಠ. "ಬಂತು ನೋಡಿ!" ಎಂದ. "ಆಹಾ. ಬೆಳಕು ಕತ್ತಲೆ ಸೇರೋ ಗೆರೆ ಇದೆಯಲ್ಲ, ಅದರ ಮೇಲೆ ಮೂರು ದೊಡ್ಡ ಗುಂಡಿ, ಸಾಲಾಗಿ, ಒಂದನ್ನೊಂದು ಕಚ್ಕೊಂಡ ಹಾಗೆ. ಮೇಲಿನ ಗುಂಡಿ ನಡುವೆ ಬೆಟ್ಟ. ಬೆಟ್ಟದ ನೆರಳು ಎಷ್ಟುದ್ದ ಬಿದ್ದಿದೆ ಅಂತೀರಿ! ಬಲಗಡೆ ಸಮತಟ್ಟು ಬಯಲು, ಅದನ್ನ ಸಮುದ್ರ ಅಂತಾರೆ, ನೀರಿಲ್ಲ. ಕೋಟ್ಯಂತರ ವರ್ಷದಿಂದ ಅಲ್ಲಿ ಒಂದು ಕಡ್ಡಿ ಅಲ್ಲಾಡಿಲ್ಲ ಅಜ್ಜಿ, ಗಾಳಿ ಇಲ್ಲ, ಸದ್ದಿಲ್ಲ, ಒಂದು ಜೀವ ಇಲ್ಲ." ಹೇಳುತ್ತ ಹೇಳುತ್ತ ಅವನಿಗೆ ನಿಜವಾಗಿಯೂ ಕಂಡಂತಾಯಿತು, ದನಿ ಸ್ವಲ್ಪ ಗದ್ಗದವೂ ಆಯಿತು.

ಅಜ್ಜಿ ಸ್ಟೂಲು ಏರಿ ಕಣ್ಣಿಟ್ಟಳು. ಆಮೇಲೆ, "ಜೀವ ಇಲ್ಲ ಅಂದ್ಯಲ್ಲಪ್ಪ," ಅಂದಳು, "ಕಾಗೆ ಕೂತಿದೆ." ಮತ್ತೆ ನೋಡಿದಳು. "ಕಾಗೆ ಕಣೋ. ಕೊಕ್ಕು ಉಜ್ತಾ ಇದೆ. ಇದು ಎದುರು ಬಿಲ್ಡಿಂಗ್ ಟ್ಯಾಂಕಲ್ವಾ? ಗಾರೆ ಉದುರಿದೆ, ಪೈಪು ಸೋರ್ತಾ ಇದೆ. ಹಾಳಾದೋರು, ನಲ್ಲೀಲಿ ನೀರು ಬರಲ್ಲ ಅಂತ ಕೆಳಗೆ ಬಡ್ಕೋತಾರೆ." ಬಾಮೈದ ಫೋನು ಕಿವಿಯಿಂದ ತೆಗೆದು ಹೋ ಎಂದು ನಗುತ್ತ ಬಂದ. "ಭಾವ, ನೀವು ಸ್ಟೂಲ್ ತರೋಕ್ ಹೋದಾಗ ನಾನೇ ಟ್ಯಾಂಕ್ ಕಡೆ ತಿರುಗ್ಸಿದ್ದು! ಆ ಟ್ಯೂಬಿಂದ ಹತ್ರದ್ದು ಕೂಡ ಎಷ್ಟು ಶಾರ್ಪ್ ಬರುತ್ತೆ ಗೊತ್ತಾ? ಕಾಗೆ ಕಣ್ಣು ಮಿಟುಕಿಸೋದು ಕಾಣ್ಸುತ್ತೆ. ನಿಮಗೆ ಹೇಳೋಣ ಅನ್ನೋಷ್ಟರಲ್ಲಿ ಫೋನ್ ಬಂತು. ನೀವು ನೋಡಿದ್ರೆ ಮುಖ ಗಂಟು ಹಾಕ್ಕೊಂಡು ಗುಂಡಿ, ಬೆಟ್ಟ, ಸಮುದ್ರ! ನಾಟಕದಲ್ಲಿ ಸೇರ್ಬೇಕಿತ್ತು ಭಾವ ನೀವು." ಅಜ್ಜಿಯೂ ನಕ್ಕಳು, ಸ್ಟೂಲು ಅಲುಗಿತು. ಅವನು ಅವರ ನಗುವಿನಲ್ಲಿ ತೂರಿಕೊಳ್ಳಲು ದಾರಿಯಿದೆ ಎಂದು ಕಂಡುಕೊಂಡು ತಾನೂ ನಕ್ಕ. ತಮಾಷೆ ಮಾಡಿದೆ ಅಜ್ಜಿ, ನಿಮ್ಮ ಹೊಸ ಕಣ್ಣು ಹೇಗಿದೆ ನೋಡೋಣ ಅಂತ, ಎಂದ. ಮಾತು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಕಂಡು ಅವನಿಗೇ ಹೇಸಿಗೆಯಾಯಿತು. ಬಾಮೈದ ಅಜ್ಜಿಯನ್ನು ಹುಷಾರಾಗಿ ಮೆಟ್ಟಿಲಿಳಿಸಿಕೊಂಡು ಹೋದ. ದಾರಿಯುದ್ದಕ್ಕೂ ಅವಳಿಗೆ ಎಷ್ಟು ವಯಸ್ಸಾಯಿತೆಂದು ಕೇಳುತ್ತಿದ್ದದ್ದು ಮೇಲಕ್ಕೆ ಕೇಳಿಸುತ್ತಿತ್ತು. ಹೆಂಡತಿ ನಕ್ಕಿರಲಿಲ್ಲ. ಅವಳು ಬಟ್ಟೆಯ ರಾಶಿಯನ್ನು ಗೋಡೆಯ ಮೇಲಿಟ್ಟು, ತೋಳಿನ ದೂರದಲ್ಲಿ ಬಂದು ನಿಂತಳು.

"ಎಡಗಣ್ಣು ಮುಚ್ಚಿ," ಅಂದಳು.

"ಯಾಕೆ?"

"ಸುಮ್ನೆ ಮುಚ್ರೀ."

ಅವನು ಅಂಗೈಯಿಂದ ಮುಚ್ಚಿದ. ಗಿರಾಕಿಗಳಿಗೆ ಹೇಳಿಕೊಡುವ ಹಾಗೆಯೇ, ಬೆರಳು ಸಂದಿಯಿಂದ ಕದ್ದು ನೋಡದಂತೆ, ಅಂಗೈಯ ಗುಳಿಯಿಂದ. ಹೆಂಡತಿಯ ಎರಡು ಓಲೆಗಳಿದ್ದವು. ಸುತ್ತ ಕೂದಲಿತ್ತು, ಕೆಳಗೆ ಸೆರಗಿತ್ತು, ಹೆಗಲ ಹಿಂದೆ ತಂತಿಯ ಮೇಲೆ ಬಟ್ಟೆಗೆ ಸಿಕ್ಕಿಸುವ ಒಂದು ಚಿಮುಟ ಕೂಡ ಇತ್ತು. ಇವೆಲ್ಲದರ ನಡುವೆ, ಇಷ್ಟು ವರ್ಷ ದಿನಾ ಬೆಳಗಾದರೆ ನೋಡಿದ ಜಾಗದಲ್ಲಿ, ಒದ್ದೆ ಬಟ್ಟೆಯಿಂದ ಹಲಗೆ ಒರೆಸಿದಂತೆ ಒಂದು ಬೂದು ತೇಪೆ. ಆಮೇಲೆ ಕೇಳಿದಳು: "ಈಗ ನಾನು ಏನ್ ಮಾಡ್ತಿದ್ದೆ?" ಅವನು ಯೋಚಿಸಿದ. ಅವಳ ಸ್ವಭಾವ ಗೊತ್ತಿದ್ದರಿಂದ ಊಹಿಸುವುದು ಕಷ್ಟವಿರಲಿಲ್ಲ. "ನನ್ನನ್ನ ದುರುಗುಟ್ಕೊಂಡು ನೋಡ್ತಿದ್ದೆ." "ನಾಲಗೆ ಚಾಚ್ಕೊಂಡು ನಿಂತಿದ್ದೆ," ಅಂದಳು ಹೆಂಡತಿ. ಅವನು ಕೈ ತೆಗೆದ. ಅವಳ ಮುಖ ಹಿಂತಿರುಗಿ ಬಂತು, ಕಣ್ಣು ತುಂಬಿದ್ದವು, ಅಂಥ ಮುಖದ ಮೇಲೆ ನಾಲಗೆ ಹೇಗೆ ಕಂಡಿರಬಹುದೆಂದು ಅವನಿಗೆ ಊಹೆಗೂ ಸಿಗಲಿಲ್ಲ. ಯಾವಾಗಿಂದ ಎಂದು ಅವಳು ಕೇಳಿದಾಗ ಅವನು ಹೇಳಲು ಹೊರಟದ್ದು ಫ್ಯಾನಿನ ಸಂಗತಿ, ಆದರೆ ಬಾಯಿಂದ ಬಂದದ್ದು ಬೇರೆ. "ಆ ಡ್ರೈವರ್ ಇದಾನಲ್ಲ, ನಮ್ಮ ಬೀದಿಗೆ ಬರೋ ಸಂಜೆ ಬಸ್ಸಿನವನು. ಅವನ ಕನ್ನಡಕ. ಗಾಜು ಓರೆ ಕೂತಿದೆ ಅನ್ಸುತ್ತೆ. ನಾನೇ ಕೂರಿಸಿದ್ದು. ಮೂರು ಸಲ ಬಂದ. ಇವತ್ತು ಅದನ್ನೇ ಹಾಕ್ಕೊಂಡು ಓಡ್ಸು ಅಂದೆ." ಹೇಳಿ ಮುಗಿಸಿದ ಮೇಲೆ, ಆ ಮಾತು ತಾನು ಬೆಳಗಿನಿಂದ ಇಡೀ ದಿನ ಹೊತ್ತುಕೊಂಡು ತಿರುಗಿದ ಮಾತು ಎಂದು ಅವನಿಗೆ ಗೊತ್ತಾಯಿತು. ಹೆಂಡತಿ ಕಣ್ಣೊರೆಸಿಕೊಂಡಳು. "ಫೋನ್ ಮಾಡಿ." "ಓಡಿಸೋವಾಗ ಎತ್ತಲ್ಲ." "ಹಾಗಾದ್ರೆ ನಡೀರಿ," ಎಂದು ಅವಳು ಚಪ್ಪಲಿ ಮೆಟ್ಟಿದಳು.

ಬೀದಿಯ ಕೊನೆಯಲ್ಲೇ ಬಸ್ಸಿನ ಕೊನೆಯ ಸ್ಟಾಪು. ಬಸ್ಸು ಅಲ್ಲಿ ತಿರುಗಿ ಸ್ವಲ್ಪ ಹೊತ್ತು ನಿಂತು ಮತ್ತೆ ಊರ ನಡುವಿಗೆ ಹೊರಡುತ್ತದೆ. ನಡೆಯುತ್ತ ಅವನು ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿದ. ಮೊದಲು ಕನ್ನಡಕ ತೆಗೆಸುವುದು. ಆಮೇಲೆ, ಒಂದು ಸಣ್ಣ ದೋಷವಾಗಿದೆ, ಯಂತ್ರದ್ದು. ಇಲ್ಲ, ಯಂತ್ರದ್ದಲ್ಲ, ಒಂದು ದೋಷವಾಗಿದೆ, ಅಷ್ಟೇ ಸಾಕು, ಯಾರದು ಎಂದು ಕೇಳಿದರೆ ನೋಡೋಣ. ಹೀಗೆ ಅವನು ವಾಕ್ಯವನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿದ್ದ, ಎಲ್ಲಿಯಾದರೂ ಹಾವೂ ಸಾಯದೆ ಕೋಲೂ ಮುರಿಯದೆ ನಿಲ್ಲುತ್ತದೆಯೋ ಎಂದು. ಯಾವಾಗಿಂದ ಎಂದು ಮತ್ತೆ ಕೇಳಿದ ಹೆಂಡತಿಗೆ ಮಾತ್ರ, ಒಂದು ವರ್ಷವಾಗುತ್ತ ಬಂತು ಎಂದು ಹೇಳಿಬಿಟ್ಟಿದ್ದ; ಪಕ್ಕದಲ್ಲಿ ಅವಳು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು. ಎದುರಿನಿಂದ ದೀಪ ಹಾಕಿಕೊಂಡು ವಾಹನಗಳು ಬರುತ್ತಿದ್ದವು, ಪ್ರತಿಯೊಂದರ ಒಳಗೂ ಕನ್ನಡಕ ಹಾಕಿದ ಒಬ್ಬೊಬ್ಬನಿದ್ದಾನೆ, ಅದರಲ್ಲಿ ಅರ್ಧ ಜನ ತನ್ನ ಅಂಗಡಿಯವರು ಎಂಬ ಯೋಚನೆ ಅವನಿಗೆ ಬಂತು. ಹೋದ ವರ್ಷದಿಂದ ಎಷ್ಟು ಗಾಜು ಕೂರಿಸಿದ್ದೇನೆ? ಪರೀಕ್ಷೆ ಬರೆಯುವ ಹುಡುಗಿಯರು, ಬಟ್ಟೆ ಹೊಲಿಯುವವರು, ಇದೇ ಹೆಂಡತಿಯ ಅಚ್ಚಿನ ಮನೆಯವರು. ಎಷ್ಟೋ ಜನ ಬಂದು ತಲೆನೋವು ಅಂದಿದ್ದರು. ಎಲ್ಲರಿಗೂ ಒಂದೇ ಉತ್ತರ ಕೊಟ್ಟಿದ್ದ, ಎಲ್ಲರೂ ನಂಬಿಕೊಂಡು ಹೋಗಿದ್ದರು. ಸ್ಟಾಪಿನಲ್ಲಿ ಬಸ್ಸು ಕಂಡಿತು. ನಿಂತಿತ್ತು, ನೆಟ್ಟಗೆ, ಎಲ್ಲ ಗಾಜೂ ದೀಪವೂ ಒಡೆಯದೆ. ಅಷ್ಟಕ್ಕೇ ಅವನಿಗೆ ಅಳು ಬರುವಂತಾಯಿತು.

ಡ್ರೈವರ್ ಸೀಟಿನಲ್ಲೇ ಕೂತು ಲೋಟದಲ್ಲಿ ಟೀ ಕುಡಿಯುತ್ತಿದ್ದ. ಒಳಗೆ ಜನ ಆಗಲೇ ತುಂಬಿದ್ದರು. ಕಿಟಕಿಯ ಕೆಳಗೆ ಇವನನ್ನು ಕಂಡದ್ದೇ ಡ್ರೈವರ್ ಲೋಟ ಕೆಳಗಿಟ್ಟು, ಬಾಗಿಲು ತೆರೆದು ಇಳಿದುಬಂದ. ಮುಖ ಬಿಳುಚಿತ್ತು. ಇವನು ಬಾಯಿ ತೆರೆಯುವ ಮೊದಲೇ ಅವನು ಎರಡೂ ಕೈ ಜೋಡಿಸಿದ. "ಗೊತ್ತಾಗೋಯ್ತಾ ಡಾಕ್ಟ್ರೇ? ನಂಗೊತ್ತಿತ್ತು ನಿಮಗೆ ಗೊತ್ತಾಗುತ್ತೆ ಅಂತ. ತಪ್ಪು ನಂ‍ದೇ. ಅವತ್ತು ಪರೀಕ್ಷೆ ಮಾಡಿದ್ರಲ್ಲ, ನಾನು ಸರದೀಲಿ ಕೂತಿದ್ದಾಗ ಮುಂದಿನೋರು ಓದಿದ್ದನ್ನ ಕೇಳಿ ಕೇಳಿ ಅಕ್ಷರ ಎಲ್ಲ ಬಾಯಿಪಾಠ ಮಾಡ್ಕೊಂಡ್ಬಿಟ್ಟಿದ್ದೆ. ಕಣ್ಣು ಮಂದ ಅಂತ ಬರೆದುಬಿಟ್ರೆ ಸ್ಟೀರಿಂಗ್ ಕೊಡಲ್ಲ, ಡಿಪೋದಲ್ಲಿ ಗುಡಿಸೋಕ್ ಹಾಕ್ತಾರೆ. ಅದಕ್ಕೇ ನಂಬರ್ ತಪ್ಪು ಬಂದಿರೋದು. ನಿಮ್ಮ ಕೈಲಿ ಏನೂ ತಪ್ಪಿಲ್ಲ. ಯಾರಿಗೂ ಹೇಳ್ಬೇಡಿ ಡಾಕ್ಟ್ರೇ."

ದಾರಿಯುದ್ದಕ್ಕೂ ಜೋಡಿಸಿ ತಂದ ವಾಕ್ಯ ಇವನ ಬಾಯಲ್ಲಿತ್ತು, ಅದಕ್ಕೆ ಈಗ ಕೆಲಸವೇ ಇರಲಿಲ್ಲ. ಗಾಜು ಓರೆ ಕೂತಿರಲಿಲ್ಲವೇನೋ. ನಂಬರೇ ಸುಳ್ಳು, ಹೇಳಿದವನೇ ಸುಳ್ಳ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು, ಕೈ ಮುಗಿದು ನಿಂತ ಈ ಮನುಷ್ಯನ ಹೆಗಲಿಗೆ ತಾನಾಗಿಯೇ ಹೋಗಿ ಕೂತಿತು, ಮತ್ತು ಅವನು ಅದನ್ನು ತಡೆಯಲಿಲ್ಲ. ಅಷ್ಟೇ ಅಲ್ಲ, ತನ್ನ ಗಂಟಲಿನಿಂದ ಅಂಗಡಿಯ ದನಿ ಹೊರಡುವುದನ್ನು ಅವನು ಕೇಳಿಸಿಕೊಂಡ, ಮೆತ್ತನೆಯ, ದೊಡ್ಡ ಮನಸ್ಸಿನ ದನಿ. "ಹೀಗೆಲ್ಲ ಮಾಡ್ಬಾರ್ದು ಕಣ್ರೀ. ಕಣ್ಣಿನ ವಿಷಯದಲ್ಲಿ ಮುಚ್ಚುಮರೆ ಇರಬಾರದು. ಎಷ್ಟು ಜನರ ಪ್ರಾಣ ನಿಮ್ಮ ಕೈಲಿದೆ, ಯೋಚನೆ ಮಾಡಿದೀರಾ? ಹೋಗ್ಲಿ, ಆಗಿದ್ದಾಯ್ತು. ಈಗ ಹಳೇದು ಹಾಕ್ಕೊಳ್ಳಿ. ನಾಳೆ ಬನ್ನಿ, ಸರಿಯಾಗಿ ನೋಡಿ ಬೇರೆ ಮಾಡಿಕೊಡ್ತೀನಿ." ಡ್ರೈವರನ ಕಣ್ಣಲ್ಲಿ ನೀರು ಬಂತು. ಅವನು ಇವನ ಕೈ ಹಿಡಿದುಕೊಂಡ. ಕಂಡಕ್ಟರ್ ಹಿಂದಿನಿಂದ ಟೈಮಾಯಿತೆಂದು ಸೀಟಿ ಊದಿದ. ಎಲ್ಲವೂ ಎಷ್ಟು ಸುಗಮವಾಗಿ ಮುಗಿದಿತ್ತೆಂದರೆ, ಇವನಿಗೆ ಮನೆಗೆ ಹೋಗಿ ಊಟ ಮಾಡಬೇಕೆನ್ನಿಸಿತು, ಮಧ್ಯಾಹ್ನದಿಂದ ಹಸಿದಿದ್ದೇನೆ ಎನ್ನುವುದು ಆಗ ನೆನಪಾಯಿತು.

"ಇವರ ಹತ್ರ ಹೋಗ್ಬೇಡಿ," ಅಂದಳು ಹೆಂಡತಿ. ಕರಡಿನಲ್ಲಿ ಬಿಟ್ಟುಹೋದ ಒಂದು ಪದವನ್ನು ಮೇಷ್ಟ್ರ ಗತ್ತಿಲ್ಲದೆ ಸೇರಿಸುತ್ತಾಳಲ್ಲ, ಆ ದನಿಯಲ್ಲಿ. "ಬೇರೆ ಕಡೆ ತೋರಿಸ್ಕೊಳ್ಳಿ. ಇವರಿಗೆ ಬಲಗಣ್ಣು ಕಾಣಲ್ಲ. ಒಂದು ವರ್ಷ ಆಯ್ತಂತೆ. ನೀವು ಸುಳ್ಳು ಹೇಳಿರಬಹುದು, ಆದ್ರೆ ಇವರು ನಿಮ್ಮ ಗಾಜನ್ನ ನೋಡದೆ ಕೂರಿಸಿದ್ದು."

ಡ್ರೈವರ್ ಹಿಡಿದ ಕೈಯನ್ನು ಬಿಡಲಿಲ್ಲ. ಅವಳನ್ನು ನೋಡಿದ, ಇವನನ್ನು ನೋಡಿದ. ಕಿಟಕಿಗಳಲ್ಲಿ ಜನ ತಲೆ ಹೊರಗೆ ಹಾಕಿದ್ದರು, ಒಬ್ಬ "ಏನ್ ಸ್ವಾಮಿ, ಇವತ್ತು ಹೊರಡುತ್ತಾ?" ಎಂದು ಕೂಗಿದ. "ಹೌದಾ ಡಾಕ್ಟ್ರೇ?" ಎಂದ ಡ್ರೈವರ್. ಬಾಮೈದ ಇಲ್ಲಿದ್ದಿದ್ದರೆ ನಗುತ್ತಿದ್ದ, ಇವನೂ ಅದರ ಜೊತೆ ನಗಬಹುದಿತ್ತು. ಆದರೆ ಇಲ್ಲಿ ನಗುವವರು ಯಾರೂ ಇರಲಿಲ್ಲ.

"ಹೌದು," ಎಂದ ಅವನು.

ಡ್ರೈವರ್ ಮೆಲ್ಲಗೆ ಹೊಸ ಕನ್ನಡಕ ತೆಗೆದು ಇವನ ಅಂಗೈಯಲ್ಲಿಟ್ಟ. ಬಸ್ಸಿನೊಳಕ್ಕೆ ಬಗ್ಗಿ ಬೀಗದ ಕೈ ತಿರುಗಿಸಿ ಎಂಜಿನ್ ನಿಲ್ಲಿಸಿದ. ಸೀಟಿಯೂ ನಿಂತಿತು, ಕಂಡಕ್ಟರ್ ಏನೋ ಕೇಳಿದ, ಬೇರೆ ಡ್ರೈವರ್ ಕಳಿಸಬೇಕಂತೆ ಎಂದು ಡಿಪೋಗೆ ಹೇಳು ಎಂದ ಡ್ರೈವರ್. ಜನ ಗೊಣಗುತ್ತ, ಬೈಯುತ್ತ ಒಬ್ಬೊಬ್ಬರಾಗಿ ಇಳಿಯತೊಡಗಿದರು. ಅವರಿಗೆ ದಾರಿ ಬಿಟ್ಟು ಡ್ರೈವರ್ ಇವನ ಹತ್ತಿರ ಸರಿದು ನಿಂತ. ಕನ್ನಡಕವಿಲ್ಲದ ಅವನ ಕಣ್ಣುಗಳು ಚಿಕ್ಕವಾಗಿ, ಬೆತ್ತಲಾಗಿ ಇದ್ದವು. ಸಿಟ್ಟೇನೂ ಇರಲಿಲ್ಲ ಅವುಗಳಲ್ಲಿ, ತಿಳಿದುಕೊಳ್ಳಬೇಕೆಂಬ ಆಸೆಯಷ್ಟೆ ಇತ್ತು.

"ಅಲ್ಲ ಡಾಕ್ಟ್ರೇ," ಎಂದು ಮೆಲ್ಲಗೆ ಕೇಳಿದ, "ಹಂಗಾದ್ರೆ ಬೆಳಿಗ್ಗೆ ಅಷ್ಟು ಜನರ ಮುಂದೆ ನನ್ನ ಯಾಕ್ ಹಂಗಂದ್ರಿ?"